ಮಜ್ಜಿಗೆ ಹುಲ್ಲಿನ ಎಣ್ಣೆ: ಕೊಟ್ಟಿಗೆಗೆ ಎಷ್ಟು ಹತ್ತಿರ, ಹಾಲಿಗೆ ಎಷ್ಟು ದೂರ



ಜಾವಳಿ ಕಡೆಯ ಮಳೆಗಾಲ ಹೇಗಿರುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಹೊರಗೆ ಬಿಡದೆ ಸುರಿಯುವ ಮಳೆ, ಒಳಗೆ ಒಣಗದ ನೆಲ, ಕೊಳೆಯುತ್ತಿರುವ ಸೊಪ್ಪಿನ ಹಾಸು, ಗಂಜಲದ ವಾಸನೆ, ಇವೆಲ್ಲದರ ಮೇಲೆ ನೊಣ ಮತ್ತು ನುಸಿ. ಹಾಲು ಕರೆಯಲು ಕುಳಿತರೆ ಹಸು ಬಾಲ ಬೀಸಿ ಮುಖಕ್ಕೆ ಬಾರಿಸುತ್ತದೆ, ಕಾಲು ಎತ್ತುತ್ತದೆ, ನೆಮ್ಮದಿಯಿಂದ ಹಾಲು ಇಳಿಸುವುದಿಲ್ಲ. ಇಂಥ ಹೊತ್ತಿನಲ್ಲಿ ಯಾರಾದರೂ ಸಣ್ಣ ಬಾಟಲಿಯೊಂದನ್ನು ತೋರಿಸಿ, "ಇದು ಗಿಡದಿಂದ ತೆಗೆದ ಎಣ್ಣೆ, ರಾಸಾಯನಿಕ ಏನೂ ಇಲ್ಲ, ಹಸುವಿನ ಮೈಗೆ ನಾಲ್ಕು ತೊಟ್ಟು ಹಚ್ಚಿದರೆ ನೊಣವೂ ಇಲ್ಲ, ಉಣ್ಣೆಯೂ ಇಲ್ಲ" ಎಂದರೆ ಯಾರಿಗಾದರೂ ಕೊಳ್ಳಬೇಕು ಅನಿಸುತ್ತದೆ.

ಕೊಳ್ಳುವ ಮೊದಲು ಆ ಎಣ್ಣೆ ಯಾವುದು, ಅದರಿಂದ ಆಗುವ ಕೆಲಸ ಎಷ್ಟು, ಆಗದ ಕೆಲಸ ಎಷ್ಟು ಎಂಬುದನ್ನು ತಿಳಿದಿರಬೇಕು. ಅದಕ್ಕಾಗಿ ಈ ಸಲದ ಪಾಠಕ್ಕೆ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಆರಿಸಿಕೊಂಡಿದ್ದೇವೆ. ಗಿಡದಿಂದ ತೆಗೆಯುವ ಸುಗಂಧ ತೈಲಗಳು ಹಲವು ಇವೆ. ಆದರೆ ನಿಮ್ಮ ಹಿತ್ತಲಿನಲ್ಲೋ ತೋಟದ ಬೇಲಿಯ ಬುಡದಲ್ಲೋ ಈಗಾಗಲೇ ಬೆಳೆಯುತ್ತಿರಬಹುದಾದ ಗಿಡದ ಎಣ್ಣೆಯಿಂದ ಶುರು ಮಾಡುವುದು ಒಳ್ಳೆಯದು.

ಹುಲ್ಲಿನೊಳಗೆ ಎಣ್ಣೆ ಎಲ್ಲಿದೆ?

ಮಜ್ಜಿಗೆ ಹುಲ್ಲನ್ನು ಕೆಲವರು ನಿಂಬೆ ಹುಲ್ಲು ಎನ್ನುತ್ತಾರೆ. ಹೆಸರೇ ಹೇಳುವಂತೆ ಕೆಲವು ಮನೆಗಳಲ್ಲಿ ಇದರ ಎಲೆಯನ್ನು ಮಜ್ಜಿಗೆಗೆ ಹಾಕುವುದುಂಟು. ಶೀತ, ನೆಗಡಿ ಬಂದಾಗ ಶುಂಠಿ, ಕಾಳುಮೆಣಸಿನ ಜೊತೆ ಕಷಾಯಕ್ಕೂ ಹಾಕುತ್ತಾರೆ. ಎಲೆಯನ್ನು ಸುಮ್ಮನೆ ಮೂಸಿದರೆ ಅಷ್ಟಾಗಿ ವಾಸನೆ ಇಲ್ಲ. ಬೆರಳಲ್ಲಿ ಹೊಸಕಿದರೆ ನಿಂಬೆಯ ಪರಿಮಳ ಎದ್ದು ಬರುತ್ತದೆ. ಎಲೆಯ ಒಳಗಿನ ಸಣ್ಣ ಕೋಶಗಳಲ್ಲಿ ಎಣ್ಣೆ ಅಡಗಿರುತ್ತದೆ, ಹೊಸಕಿದಾಗ ಅವು ಒಡೆಯುತ್ತವೆ. ಆ ಪರಿಮಳಕ್ಕೆ ಮುಖ್ಯ ಕಾರಣ ಸಿಟ್ರಾಲ್ ಎಂಬ ವಸ್ತು. ಒಳ್ಳೆಯ ಎಣ್ಣೆಯಲ್ಲಿ ನೂರಕ್ಕೆ 70ರಿಂದ 85 ಭಾಗ ಸಿಟ್ರಾಲೇ ಇರುತ್ತದೆ.

ಇದರದೇ ಕುಲದ ಇನ್ನೊಂದು ಹುಲ್ಲು ಸಿಟ್ರೊನೆಲ್ಲ. ನೋಡಲು ಹೆಚ್ಚುಕಡಿಮೆ ಒಂದೇ ಥರ. ಸಿಟ್ರೊನೆಲ್ಲದ ಬುಡ ಕೆಂಪು ನೇರಳೆ ಬಣ್ಣಕ್ಕೆ ತಿರುಗಿರುತ್ತದೆ, ವಾಸನೆ ಇನ್ನೂ ಖಾರ. ಸೊಳ್ಳೆ ಓಡಿಸುವ ಎಣ್ಣೆ, ಸಾಬೂನುಗಳಲ್ಲಿ ಹೆಚ್ಚು ಬಳಸುವುದು ಅದನ್ನು. ಕಷಾಯಕ್ಕೆ ಅದು ಬೇಡ. ನರ್ಸರಿಯಿಂದ ತರುವಾಗ ಎರಡನ್ನೂ ಅದಲುಬದಲು ಮಾಡಿಕೊಂಡವರಿದ್ದಾರೆ, ಬುಡ ನೋಡಿ ತನ್ನಿ.

ನಾವು ಅಡುಗೆಗೆ ಬಳಸುವ ಕೊಬ್ಬರಿ ಎಣ್ಣೆಗೂ ಈ ಎಣ್ಣೆಗೂ ಹೆಸರಿನಲ್ಲಿ ಮಾತ್ರ ಸಾಮ್ಯ. ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಇವೆಲ್ಲ ಗಾಣದಲ್ಲಿ ಹಿಂಡಿ ತೆಗೆದ ಜಿಡ್ಡು. ಸುಗಂಧ ತೈಲ ಜಿಡ್ಡಲ್ಲ, ಬಾಟಲಿಯ ಮುಚ್ಚಳ ತೆಗೆದಿಟ್ಟರೆ ಗಾಳಿಗೆ ಹಾರಿಹೋಗುತ್ತದೆ. ಅದನ್ನು ಹಿಂಡಿ ತೆಗೆಯಲಾಗುವುದಿಲ್ಲ, ಭಟ್ಟಿ ಇಳಿಸಬೇಕು. ದೊಡ್ಡ ಹಂಡೆಯ ತಳದಲ್ಲಿ ನೀರು, ಅದರ ಮೇಲೆ ತೂತಿನ ತಟ್ಟೆ, ತಟ್ಟೆಯ ಮೇಲೆ ಹುಲ್ಲು. ಕೆಳಗೆ ಬೆಂಕಿ ಹಾಕಿದರೆ ಆವಿ ಹುಲ್ಲಿನ ನಡುವೆ ಹಾಯ್ದು ಎಣ್ಣೆಯನ್ನು ಎತ್ತಿಕೊಂಡು ಹೋಗುತ್ತದೆ. ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಆ ಆವಿ ತಣಿದು ಮತ್ತೆ ನೀರಾಗುತ್ತದೆ, ನೀರಿಗಿಂತ ಹಗುರವಾದ ಎಣ್ಣೆ ಮೇಲೆ ತೇಲುತ್ತದೆ. ಒಂದು ಸಲ ತುಂಬಿದ ಹಂಡೆ ಇಳಿಯಲು ಎರಡು ಮೂರು ಗಂಟೆ ಬೇಕು. ನೂರು ಕೆ.ಜಿ. ಹಸಿ ಹುಲ್ಲಿನಿಂದ ಸಿಗುವ ಎಣ್ಣೆ ಸುಮಾರು 300ರಿಂದ 500 ಗ್ರಾಂ ಮಾತ್ರ.

ಈ ಲೆಕ್ಕವನ್ನು ಮನಸ್ಸಿನಲ್ಲಿಡಿ. ಒಂದು ಹಿಡಿ ಹುಲ್ಲು ಹಾಕಿದ ಕಷಾಯಕ್ಕೂ ಒಂದು ಚಮಚ ಎಣ್ಣೆಗೂ ಇರುವ ಅಂತರ ಇದರಿಂದ ತಿಳಿಯುತ್ತದೆ. ಒಂದು ಚಮಚ ಎಣ್ಣೆ ಎಂದರೆ ಒಂದು ಕೆ.ಜಿ.ಗಿಂತ ಹೆಚ್ಚು ಹುಲ್ಲಿನ ಸಾರ. ಹುಲ್ಲು ನಿರಪಾಯ ಎಂದಮಾತ್ರಕ್ಕೆ ಎಣ್ಣೆಯೂ ನಿರಪಾಯ ಎನ್ನುವಂತಿಲ್ಲ.

ಸ್ವಲ್ಪ ಹಿನ್ನೆಲೆ

ಭಟ್ಟಿ ಇಳಿಸಿ ಸುಗಂಧ ತೈಲ ತೆಗೆಯುವ ವಿದ್ಯೆ ನಮ್ಮ ರಾಜ್ಯಕ್ಕೆ ಹೊಸದೇನಲ್ಲ. ಮೈಸೂರು ಸಂಸ್ಥಾನದ ಗಂಧದ ಮರ ಮೊದಲು ಹಡಗು ಹತ್ತಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ಆ ದಾರಿ ಮುಚ್ಚಿತು, ಮರ ಇಲ್ಲೇ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನಶಾಸ್ತ್ರಜ್ಞರು ಇಲ್ಲೇ ಎಣ್ಣೆ ಇಳಿಸುವ ಕ್ರಮವನ್ನು ಸಿದ್ಧಪಡಿಸಿದರು. 1916ರಲ್ಲಿ ಬೆಂಗಳೂರಿನಲ್ಲೂ ಮಾರನೆಯ ವರ್ಷ ಮೈಸೂರಿನಲ್ಲೂ ಕಾರ್ಖಾನೆ ನಡೆಯತೊಡಗಿತು. ಮೈಸೂರು ಸ್ಯಾಂಡಲ್ ಸಾಬೂನಿನ ಹಿಂದೆ ಇರುವ ಕಥೆ ಇದೇ.

ಮಜ್ಜಿಗೆ ಹುಲ್ಲಿನ ಎಣ್ಣೆಯ ಕಥೆ ನಡೆದದ್ದು ಘಟ್ಟದ ಆಚೆ, ಕೇರಳದಲ್ಲಿ. ಅಲ್ಲಿನ ಗುಡ್ಡಗಳ ಹುಲ್ಲಿನಿಂದ ಇಳಿಸಿದ ಎಣ್ಣೆ ಕೊಚ್ಚಿ ಬಂದರಿನಿಂದ ಹೊರದೇಶಗಳಿಗೆ ಹೋಗುತ್ತಿದ್ದುದರಿಂದ ವ್ಯಾಪಾರದಲ್ಲಿ ಅದಕ್ಕೆ ಕೊಚ್ಚಿನ್ ಎಣ್ಣೆ ಎಂದೇ ಹೆಸರು ಬಿದ್ದಿತ್ತು. ಎರ್ನಾಕುಲಂ ಜಿಲ್ಲೆಯ ಓಡಕ್ಕಾಲಿಯಲ್ಲಿ ಈ ಹುಲ್ಲಿಗಾಗಿಯೇ ಸಂಶೋಧನಾ ಕೇಂದ್ರವೊಂದು ಹುಟ್ಟಿತು. ಇಂದಿಗೂ ರೈತರು ಕೇಳುವ 'ಸುಗಂಧಿ' ಅಥವಾ ಓ.ಡಿ.-19 ಎಂಬ ತಳಿ ಅಲ್ಲಿಂದಲೇ ಬಂದದ್ದು.

ಇಷ್ಟು ಎಣ್ಣೆಯನ್ನು ಹೊರದೇಶದವರು ಸಾಬೂನಿಗೆ ಮಾತ್ರ ಕೊಂಡರೇ? ಇಲ್ಲ. ಹಾಲು ಉತ್ಪಾದಕರಿಗೆ ಸ್ವಾರಸ್ಯವೆನಿಸುವ ಸಂಗತಿ ಇಲ್ಲಿದೆ. ಸಿಟ್ರಾಲಿನಿಂದ ಅಯೋನೋನ್ ಎಂಬ ವಸ್ತುವನ್ನು ಮಾಡಬಹುದು, ಅಯೋನೋನಿನಿಂದ 'ಎ' ಜೀವಸತ್ವವನ್ನು ಮಾಡಬಹುದು. 1947ರಲ್ಲಿ ಸ್ವಿಟ್ಜರ್ಲೆಂಡಿನ ರೋಷ್ ಕಂಪನಿಯ ವಿಜ್ಞಾನಿಗಳು ಕಾರ್ಖಾನೆಯಲ್ಲಿ 'ಎ' ಜೀವಸತ್ವ ತಯಾರಿಸುವ ದಾರಿಯನ್ನು ಕಂಡುಕೊಂಡದ್ದು ಹೀಗೆ. ಮುಂದೆ ಪೆಟ್ರೋಲಿಯಂ ಮೂಲದಿಂದಲೇ ಸಿಟ್ರಾಲ್ ಅಗ್ಗವಾಗಿ ಸಿಗತೊಡಗಿತು, ಹುಲ್ಲಿನ ಎಣ್ಣೆಗೆ ಮೊದಲಿನ ಗಿರಾಕಿ ಉಳಿಯಲಿಲ್ಲ. ಕೊಬ್ಬು ತೆಗೆದ ಹಾಲಿನಲ್ಲಿ ಜೊತೆಗೇ ಹೊರಟುಹೋಗುವ 'ಎ' ಜೀವಸತ್ವವನ್ನು ಮತ್ತೆ ಸೇರಿಸುವ ಪದ್ಧತಿ ಡೇರಿಗಳಲ್ಲಿದೆ. ನಿಮ್ಮ ಹಸುವಿಗಂತೂ ಈ ಯಾವ ಕಾರ್ಖಾನೆಯೂ ಬೇಕಿಲ್ಲ. ಹಸಿರು ಮೇವಿನ ಕ್ಯಾರೋಟಿನ್ನಿನಿಂದ ಅದು ತಾನೇ 'ಎ' ಜೀವಸತ್ವ ಮಾಡಿಕೊಳ್ಳುತ್ತದೆ, ಉಳಿದ ಕ್ಯಾರೋಟಿನ್ ಹಾಲಿಗೆ, ಬೆಣ್ಣೆಗೆ ಹಳದಿ ಬಣ್ಣ ಕೊಡುತ್ತದೆ.

ಹಾಲಿಗೆ ವಾಸನೆ ಹತ್ತುವ ಬಗೆ

ಈಗ ಕೊಟ್ಟಿಗೆಗೆ ಬರೋಣ. ನಿಮ್ಮ ಮನೆಯಲ್ಲೇ ಹೀಗೆ ಆಯಿತೆಂದು ಇಟ್ಟುಕೊಳ್ಳಿ. ಸಂಜೆ ಹಾಲು ಕರೆಯುವ ಮೊದಲು, ನೊಣದ ಕಾಟ ತಪ್ಪಲೆಂದು ಹಸುವಿನ ಬೆನ್ನು, ಹೊಟ್ಟೆ, ತೊಡೆಗೆ ಈ ಎಣ್ಣೆಯನ್ನು ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಹಚ್ಚಿದಿರಿ. ಹಸು ತಣ್ಣಗೆ ನಿಂತಿತು, ಹಾಲು ಚೆನ್ನಾಗಿ ಇಳಿಯಿತು. ಸಂಘಕ್ಕೆ ಹೋದಾಗ ಕಾರ್ಯದರ್ಶಿಯವರು ಮುಚ್ಚಳ ತೆಗೆದು ಮೂಸಿ ನೋಡಿ ಕ್ಯಾನನ್ನು ಬದಿಗಿಟ್ಟರು. ಕೊಬ್ಬಿನ ಅಂಶ ಸರಿಯಿದೆ, ನೀರು ಬೆರೆಸಿಲ್ಲ, ಹುಳಿಯಾಗಿಲ್ಲ. ಆದರೂ ಹಾಲು ವಾಪಸು.

ಆಗ ನಿಮಗೆ ಕೋಪ ಬರುವುದು ಸಹಜ. ಆದರೆ ಕಾರ್ಯದರ್ಶಿಯವರು ಮಾಡಿದ್ದು ಸರಿ. ನಿಮ್ಮ ಐದಾರು ಲೀಟರ್ ಹಾಲು ಶೀತಲೀಕರಣ ತೊಟ್ಟಿಯಲ್ಲಿ ನೆರೆಹೊರೆಯವರೆಲ್ಲರ ಹಾಲಿನ ಜೊತೆ ಸೇರುತ್ತದೆ. ನಿಮ್ಮದರ ವಾಸನೆ ಉಳಿದವರ ಹಾಲಿಗೂ ಹತ್ತಿದರೆ ನಷ್ಟ ಇಡೀ ಸಂಘದ್ದು.

ವಾಸನೆ ಹತ್ತುವುದು ಏಕೆ? ಸುಗಂಧ ತೈಲಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಹಾಲಿನಲ್ಲಿರುವುದು ಸಣ್ಣ ಸಣ್ಣ ಹನಿಗಳಾಗಿ ಹರಡಿದ ಕೊಬ್ಬು. ತೆರೆದಿಟ್ಟ ಹಾಲು ಸುತ್ತಲಿನ ವಾಸನೆಯನ್ನು ಹೀರುತ್ತದೆ ಎಂಬುದು ಮನೆಯ ಹೆಂಗಸರಿಗೆಲ್ಲ ಗೊತ್ತು, ಈರುಳ್ಳಿಯ ಪಕ್ಕದಲ್ಲಿ ಬೆಣ್ಣೆ ಇಡುವವರು ಯಾರಿದ್ದಾರೆ? ಕೈಗೆ ಮೆತ್ತಿದ ಎಣ್ಣೆ ಮೊಲೆತೊಟ್ಟಿನ ಮೂಲಕ ಪಾತ್ರೆಗೆ ಬೀಳುವುದು ಎರಡನೆಯ ದಾರಿ.

ಮೂರನೆಯ ದಾರಿಯನ್ನು ಹೆಚ್ಚಿನವರು ಯೋಚಿಸಿರುವುದಿಲ್ಲ. ವಾಸನೆ ಹಸುವಿನ ಮೈಯೊಳಗಿಂದಲೇ ಹಾಲಿಗೆ ಬರಬಹುದು. ಹಸು ಕಟುವಾದ ವಾಸನೆಯ ಸೊಪ್ಪು ತಿಂದಾಗ, ಅಥವಾ ಕಟುವಾದ ಗಾಳಿಯನ್ನು ಉಸಿರಾಡಿದಾಗ, ಆ ವಸ್ತು ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಕೆಚ್ಚಲಿಗೆ ಸೇರುತ್ತದೆ. ಹಸು ಮೆಲುಕು ಹಾಕುವಾಗ ಹೊಟ್ಟೆಯಿಂದ ಮೇಲೆ ಬರುವ ಗಾಳಿಯೂ ಶ್ವಾಸಕೋಶಕ್ಕೆ ಹೋಗುತ್ತದೆ ಎಂಬುದನ್ನು ನೆನಪಿಡಿ. ಕರೆಯುವ ಮೊದಲಿನ ಮೂರು ನಾಲ್ಕು ಗಂಟೆ ಈ ವಿಷಯದಲ್ಲಿ ಅಪಾಯದ ಸಮಯ. ಅನಂತರ ಹಸುವಿನ ಮೈ ಆ ವಾಸನೆಯನ್ನು ತಾನೇ ಹೊರಹಾಕಿಬಿಡುತ್ತದೆ. ಕಟು ವಾಸನೆಯ ಮೇವನ್ನು ಕರೆದ ಮೇಲೆ ಹಾಕಿ, ಕರೆಯುವ ಮುಂಚೆ ಹಾಕಬೇಡಿ ಎಂದು ಪಶುವೈದ್ಯರು ಹೇಳುವುದು ಈ ಕಾರಣಕ್ಕೆ.

ಆದ್ದರಿಂದ ಸುಗಂಧ ತೈಲವಾಗಲಿ, ಫಿನೈಲಾಗಲಿ, ಬೆಳ್ಳುಳ್ಳಿ ಅರೆದು ಮಾಡಿದ ಔಷಧವಾಗಲಿ, ಬೆಳಗ್ಗೆ ಹಾಲು ಕರೆದು ಕ್ಯಾನು ಸಂಘಕ್ಕೆ ಹೋದ ಮೇಲೆಯೇ ಕೊಟ್ಟಿಗೆಯಲ್ಲಿ ಬಳಸಿ. ಸಂಜೆಯ ಹಾಲಿಗೆ ಆಗ ಏಳೆಂಟು ಗಂಟೆ ಅಂತರ ಸಿಗುತ್ತದೆ. ಎಣ್ಣೆಯ ಬಾಟಲಿಯನ್ನು ಹಾಲಿನ ಪಾತ್ರೆ ಇಡುವ ಕಟ್ಟೆಯ ಮೇಲೆ ಇಡಬೇಡಿ. ಎಣ್ಣೆ ಮುಟ್ಟಿದ ಕೈಯನ್ನು ಸಾಬೂನು ಹಾಕಿ ತೊಳೆಯಿರಿ, ಬರಿಯ ನೀರಿಗೆ ಅದು ಹೋಗುವುದಿಲ್ಲ.

ನೊಣಕ್ಕೆ ಎಷ್ಟು ಮಾಡುತ್ತದೆ?

ಮಜ್ಜಿಗೆ ಹುಲ್ಲಿನ ಎಣ್ಣೆಗೆ ನೊಣ, ಸೊಳ್ಳೆ, ನುಸಿಗಳನ್ನು ದೂರವಿಡುವ ಗುಣ ಇರುವುದು ನಿಜ. ಆದರೆ ಹಾರಿಹೋಗುವ ಎಣ್ಣೆಯ ಕೆಲಸವೂ ಬೇಗ ಹಾರಿಹೋಗುತ್ತದೆ, ಒಂದೆರಡು ಗಂಟೆ ಎಂದುಕೊಳ್ಳಿ. ಹಸುವಿನ ಮೈಗೆ ನೇರವಾಗಿ ಹಚ್ಚುವುದರ ಬದಲು ಕೊಟ್ಟಿಗೆಯ ಗೋಡೆ, ಗಂಜಲದ ಕಾಲುವೆಯ ಅಂಚು, ಗೊಬ್ಬರದ ಗುಂಡಿಯ ಕಡೆಯ ಕಿಟಕಿ ಇಲ್ಲಿಗೆ ಸಿಂಪಡಿಸುವುದು ಮೇಲು. ಒಂದು ಲೀಟರ್ ನೀರಿಗೆ ಎರಡು ಚಮಚ (ಸುಮಾರು 10 ಮಿ.ಲೀ.) ಎಣ್ಣೆ ಸಾಕು. ಎಣ್ಣೆಯನ್ನು ಮೊದಲು ಒಂದು ಚಮಚ ದ್ರವ ಸಾಬೂನಿನಲ್ಲಿ ಕಲಸಿ ಆಮೇಲೆ ನೀರಿಗೆ ಹಾಕಿ, ಇಲ್ಲದಿದ್ದರೆ ಮೇಲೆಯೇ ತೇಲುತ್ತದೆ.

ದುಡ್ಡು ಕೊಟ್ಟು ಎಣ್ಣೆ ತರಲೇಬೇಕೆಂದಿಲ್ಲ. ನಾಲ್ಕು ಹಿಡಿ ಹಸಿ ಎಲೆಯನ್ನು ಸಣ್ಣಗೆ ಹೆಚ್ಚಿ, ಬಿಸಿ ನೀರಿಗೆ ಹಾಕಿ, ಮುಚ್ಚಳ ಮುಚ್ಚಿ ತಣಿಯಲು ಬಿಡಿ. ಮುಚ್ಚಳ ತೆಗೆದು ಕುದಿಸಿದರೆ ಎಣ್ಣೆಯೆಲ್ಲ ಆವಿಯ ಜೊತೆ ಅಡುಗೆಮನೆಯ ಸೂರಿಗೆ ಹೋಗುತ್ತದೆ. ಆ ನೀರಿನಲ್ಲಿ ತೊಳೆದ ಕೊಟ್ಟಿಗೆಯ ನೆಲಕ್ಕೆ ಒಳ್ಳೆಯ ವಾಸನೆ ಬರುತ್ತದೆ, ನೊಣ ಸ್ವಲ್ಪ ಹೊತ್ತು ದೂರವಿರುತ್ತದೆ. ಸಗಣಿ ಎತ್ತದೆ ಇದನ್ನು ಎಷ್ಟು ಸಿಂಪಡಿಸಿದರೂ ಪ್ರಯೋಜನವಿಲ್ಲ. ನೊಣ ಮೊಟ್ಟೆ ಇಡುವುದು ಸಗಣಿಯಲ್ಲಿ ಮತ್ತು ಕೊಳೆತ ಹಾಸಿನಲ್ಲಿ.

ಎಣ್ಣೆಯನ್ನು ನೀವೇ ಕೈಕಾಲಿಗೆ ಹಚ್ಚಿಕೊಳ್ಳುವುದಾದರೆ ನೂರು ಮಿ.ಲೀ. ಕೊಬ್ಬರಿ ಎಣ್ಣೆಗೆ ಒಂದು ಮಿ.ಲೀ. ಮೀರದಂತೆ ಬೆರೆಸಿ. ಸಿಟ್ರಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ತುರಿಕೆ, ಉರಿ ಬರುತ್ತದೆ. ಮೊದಲು ಮೊಣಕೈಯ ಒಳಭಾಗಕ್ಕೆ ಒಂದು ತೊಟ್ಟು ಹಚ್ಚಿ ಒಂದು ದಿನ ನೋಡಿ. ಎಳೆಯ ಮಕ್ಕಳಿಗೆ ಬೇಡ. ಹಸುವಿನ ಕೆಚ್ಚಲು, ಕಣ್ಣು, ಗಾಯಗಳಿಗಂತೂ ಖಂಡಿತ ಬೇಡ. ಹಾಲಿನ ಆಸೆಗೆ ಕೊಟ್ಟಿಗೆಯಲ್ಲೇ ಸುಳಿದಾಡುವ ಬೆಕ್ಕಿನ ಮೈಗೂ ಇದು ತಾಗದಿರಲಿ. ಸುಗಂಧ ತೈಲಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿಗೆ ಕಡಿಮೆ, ಮೈ ನೆಕ್ಕಿಕೊಂಡರೆ ವಿಷವಾಗಬಹುದು.

ಉಣ್ಣೆಯ ವಿಷಯ ಬೇರೆ

ಬಾಟಲಿ ಮಾರುವವರ ಮಾತಿನಲ್ಲಿ ನಾವು ಒಪ್ಪದಿರುವುದು ಉಣ್ಣೆಯ ಭಾಗವನ್ನು. ಪ್ರಯೋಗಾಲಯದಲ್ಲಿ ಉಣ್ಣೆಯ ಮರಿಗಳ ಮೇಲೆ ಈ ಎಣ್ಣೆಯನ್ನು ಹಾಕಿದರೆ ಅವು ಸಾಯುತ್ತವೆ, ಸುಳ್ಳಲ್ಲ. ಮುಚ್ಚಿದ ಗಾಜಿನ ಬಟ್ಟಲಿನಲ್ಲಿ ಆಗುವುದು ಮಳೆಯಲ್ಲಿ ನೆನೆಯುವ ಹಸುವಿನ ಮೈಮೇಲೆ ಆಗುತ್ತದೆ ಎಂದು ನಂಬಿ ಕುಳಿತರೆ ಮೋಸ ಹೋಗುತ್ತೀರಿ.

ಉಣ್ಣೆಯ ಬದುಕನ್ನು ನೋಡಿ. ಹಸುವಿನ ಮೈಮೇಲೆ ಸಾಮಾನ್ಯವಾಗಿ ಕಾಣುವ ಉಣ್ಣೆ ಅಲ್ಲಿರುವುದು ಸುಮಾರು ಮೂರು ವಾರ. ರಕ್ತ ಕುಡಿದು ಹೆಸರುಕಾಳಿನಿಂದ ಅವರೆಕಾಳಿನಷ್ಟಕ್ಕೆ ಊದಿದ ಹೆಣ್ಣು ಕೆಳಗೆ ಬಿದ್ದು, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲೋ ಗೊಂತಿನ ಸಂದಿಯಲ್ಲೋ ಎರಡು ಮೂರು ಸಾವಿರ ಮೊಟ್ಟೆ ಇಟ್ಟು ಸಾಯುತ್ತದೆ. ಮೈಮೇಲಿನ ಹತ್ತು ಉಣ್ಣೆಯನ್ನು ಕಿತ್ತು ನೀವು ಸಮಾಧಾನಪಡುವಾಗ ಗೋಡೆಯಲ್ಲಿ ಸಾವಿರಾರು ಮರಿಗಳು ಸಿದ್ಧವಾಗುತ್ತಿರುತ್ತವೆ. ಆದ್ದರಿಂದ ಮೊದಲ ಔಷಧ ಸಿಮೆಂಟು ಮತ್ತು ಸುಣ್ಣ. ಬಿರುಕು ಮುಚ್ಚಿ, ಗೋಡೆಗೆ ಸುಣ್ಣ ಬಳಿಯಿರಿ, ಹಳೆಯ ಹಾಸನ್ನು ಪೂರ್ತಿ ತೆಗೆದು ಗುಂಡಿಗೆ ಹಾಕಿ. ಮೈಯಿಂದ ತೆಗೆದ ಉಣ್ಣೆಯನ್ನು ಬೆರಳಲ್ಲಿ ಹಿಸುಕಬೇಡಿ, ಸೀಮೆಎಣ್ಣೆಯಲ್ಲೋ ಕುದಿಯುವ ನೀರಿನಲ್ಲೋ ಹಾಕಿ.

ಎಚ್.ಎಫ್., ಜೆರ್ಸಿ ಮಿಶ್ರತಳಿಗಳಿಗೆ ಉಣ್ಣೆಯಿಂದ ಬರುವ ಜ್ವರಗಳು ಮಾರಕ. ನಮ್ಮ ಮಲೆನಾಡು ಗಿಡ್ಡ ಇದನ್ನು ಎಷ್ಟೋ ಮಟ್ಟಿಗೆ ತಾಳಿಕೊಳ್ಳುತ್ತದೆ. ಮಿಶ್ರತಳಿ ಹಸು ಮೇವು ಬಿಟ್ಟಿದೆ, ಮೈ ಸುಡುತ್ತಿದೆ, ಮುಂಗಾಲಿನ ಮೇಲೆ ಭುಜದ ಬಳಿಯ ಗಂಟು ಊದಿದೆ, ಅಥವಾ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದೆ ಎಂದರೆ ಯಾವ ಎಣ್ಣೆಯನ್ನೂ ಹುಡುಕಬೇಡಿ. ಆ ದಿನವೇ ಪಶುವೈದ್ಯರನ್ನು ಕರೆಸಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಸಂಖ್ಯೆಗೆ ಕರೆ ಮಾಡಿ. ಒಂದು ದಿನ ತಡವಾದರೂ ಹಸು ಕೈಬಿಟ್ಟುಹೋಗಬಹುದು.

ಗಿಡಮೂಲಿಕೆಯನ್ನೇ ಬಳಸಬೇಕು ಎನ್ನುವವರಿಗೆ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿರುವ ಒಂದು ತಯಾರಿಕೆ ಇದೆ. ಬೆಳ್ಳುಳ್ಳಿ 10 ಎಸಳು, ಬೇವಿನ ಸೊಪ್ಪು ಒಂದು ಹಿಡಿ, ಬೇವಿನ ಹಣ್ಣು ಒಂದು ಹಿಡಿ, ಬಜೆ 10 ಗ್ರಾಂ, ಅರಿಶಿನ ಪುಡಿ 20 ಗ್ರಾಂ, ಲಂಟಾನ ಸೊಪ್ಪು ಒಂದು ಹಿಡಿ, ತುಳಸಿ ಒಂದು ಹಿಡಿ. ಎಲ್ಲವನ್ನೂ ಅರೆದು ಒಂದು ಲೀಟರ್ ನೀರಿನಲ್ಲಿ ಕಲಸಿ ಸೋಸಿ, ಬಿಸಿಲಿರುವ ಹೊತ್ತಿನಲ್ಲಿ ಹಸುವಿನ ಮೈಗೂ ಕೊಟ್ಟಿಗೆಯ ಬಿರುಕುಗಳಿಗೂ ಸಿಂಪಡಿಸಬೇಕು, ವಾರಕ್ಕೊಮ್ಮೆಯಂತೆ ಉಣ್ಣೆ ಹೋಗುವ ತನಕ. ಬಜೆ, ತುಳಸಿ, ಲಂಟಾನ ಇವುಗಳಲ್ಲೆಲ್ಲ ಇರುವುದು ಸುಗಂಧ ತೈಲಗಳೇ, ಆದರೆ ಭಟ್ಟಿ ಇಳಿಸದೆ, ಎಲೆಯ ಜೊತೆಗೇ ಹದವಾಗಿ ಬಳಕೆಯಾಗುತ್ತವೆ. ನಮ್ಮ ಕಡೆ ಮಳೆಗೆ ಬೇವು ಚೆನ್ನಾಗಿ ಬರುವುದಿಲ್ಲ, ಕಡೂರು ಕಡೆಯ ನೆಂಟರಿಂದ ತರಿಸಿಕೊಳ್ಳಬೇಕು. ಬಜೆಗೆ ಕೊರತೆಯಿಲ್ಲ, ಬಾಣಂತಿ ಇರುವ ಮನೆಯಲ್ಲೆಲ್ಲ ಇರುತ್ತದೆ. ಲಂಟಾನವನ್ನು ಹಸು ತಿಂದರೆ ವಿಷ, ಅರೆದ ಗಸಿಯನ್ನು ದನ ಬಾಯಿ ಹಾಕುವ ಜಾಗದಲ್ಲಿ ಎಸೆಯಬೇಡಿ. ಬೆಳ್ಳುಳ್ಳಿಯ ವಾಸನೆಯ ವಿಷಯ ಮೇಲೆಯೇ ಹೇಳಿದ್ದೇವೆ, ಬೆಳಗಿನ ಹಾಲು ಕರೆದ ಮೇಲೆಯೇ ಇದನ್ನು ಮಾಡಿ.

ಪಶುವೈದ್ಯರು ಸೈಪರ್‌ಮೆತ್ರಿನ್ ಅಥವಾ ಡೆಲ್ಟಾಮೆತ್ರಿನ್ ಬರೆದುಕೊಟ್ಟರೆ ಹೇಳಿದ ಅಳತೆಯಲ್ಲೇ ಬಳಸಿ, ಹಾಲನ್ನು ಎಷ್ಟು ದಿನ ಸಂಘಕ್ಕೆ ಹಾಕಬಾರದು ಎಂಬುದನ್ನು ಕೇಳಿ ತಿಳಿದುಕೊಳ್ಳಿ. ಔಷಧ ಸಿಂಪಡಿಸಿದ ಹಸುವನ್ನು ಹಳ್ಳಕ್ಕೆ ಇಳಿಸಿ ತೊಳೆಯುವ ಅಭ್ಯಾಸ ಕೆಲವರಲ್ಲಿದೆ. ಈ ಔಷಧಗಳು ಮೀನು, ಏಡಿಗಳಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಹೇಮಾವತಿ ಹುಟ್ಟುವುದು ಬಲ್ಲಾಳರಾಯನ ದುರ್ಗದ ಮಡಿಲಲ್ಲಿ, ಜಾವಳಿಯ ಹತ್ತಿರ. ಇಲ್ಲಿ ಹಳ್ಳಕ್ಕೆ ಬಿಟ್ಟದ್ದು ಗೊರೂರಿನ ಕಡೆಗೆ ಹರಿಯುವ ನೀರಿಗೇ ಸೇರುತ್ತದೆ. ಖಾಲಿ ಬಾಟಲಿ ತೊಳೆದ ನೀರನ್ನೂ ಹಳ್ಳಕ್ಕೆ ಚೆಲ್ಲಬೇಡಿ, ಗಿಡದ ಎಣ್ಣೆಯದಾದರೂ ಸರಿ.

ಕಾಡಿನ ದರಗು ತರುವವರಿಗೆ

ಇದು ಹಸುವಿಗಿಂತ ನಿಮಗೆ ಸಂಬಂಧಿಸಿದ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಈಗ ಆ ಊರಿಗೆ ಮಾತ್ರ ಸೀಮಿತವಾಗಿಲ್ಲ. 2024ರಲ್ಲಿ ನಮ್ಮ ಜಿಲ್ಲೆಯ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಜನ ಹಾಸಿಗೆ ಹಿಡಿದರು. ಇದನ್ನು ಹರಡುವುದು ಕಾಡಿನ ಉಣುಗು. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದು ಉಣುಗು ಹೆಚ್ಚುತ್ತದೆ. ಕೊಟ್ಟಿಗೆಗೆ ಹಾಸಲು ಕಾಡಿನಿಂದ ಹೊತ್ತು ತರುವ ಒಣ ದರಗಿನ ಹೊರೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಗಳು ಮನೆಗೇ ಬರುತ್ತವೆ. ನವೆಂಬರ್, ಡಿಸೆಂಬರ್‌ನಿಂದ ಮೇ ತನಕ ಈ ಭಯ ಹೆಚ್ಚು.

ಆರೋಗ್ಯ ಇಲಾಖೆಯವರು ಆಶಾ ಕಾರ್ಯಕರ್ತೆಯರ ಮೂಲಕ ಹಂಚುವ ಡೇಪಾ ಎಣ್ಣೆ ಇರುವುದು ಈ ಉಣುಗನ್ನು ದೂರವಿಡಲು. ಹೆಸರಿಗೆ ಎಣ್ಣೆಯಾದರೂ ಅದು ಗಿಡದ್ದಲ್ಲ, ರಕ್ಷಣಾ ಇಲಾಖೆಯ ವಿಜ್ಞಾನಿಗಳು ತಯಾರಿಸಿದ ರಾಸಾಯನಿಕ. ಅದರ ವಾಸನೆ ಹಿಡಿಸುವುದಿಲ್ಲವೆಂದು ಮೂಲೆಗಿಟ್ಟು ಮಜ್ಜಿಗೆ ಹುಲ್ಲಿನ ಎಣ್ಣೆ ಹಚ್ಚಿಕೊಂಡು ಕಾಡಿಗೆ ಹೋಗುವವರಿದ್ದರೆ ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಒಂದೆರಡು ಗಂಟೆಯ ಎಣ್ಣೆಯನ್ನು ನಂಬುವಂತಿಲ್ಲ. ಡೇಪಾ ಹಚ್ಚಿ, ಮೈ ತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಡೇಪಾ ಹಚ್ಚಿದ ಕೈಯಲ್ಲಿ ಹಾಲು ಕರೆಯಬಾರದು ಎಂಬುದನ್ನು ಬೇರೆ ಹೇಳಬೇಕಿಲ್ಲವಷ್ಟೆ. ಕಾಡಂಚಿನಲ್ಲಿ ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಆ ತಿಂಗಳುಗಳಲ್ಲಿ ದರಗಿನ ಬದಲು ಭತ್ತದ ಹುಲ್ಲನ್ನೋ ಮರದ ಹೊಟ್ಟನ್ನೋ ಹಾಸಿದರೆ ಇನ್ನೂ ಕ್ಷೇಮ.

ನೆಡಬಹುದೇ? ಎಣ್ಣೆ ಮಾರಿ ಲಾಭ ಉಂಟೇ?

ಇದು ಸಂಘದ ಸಭೆಗಳಲ್ಲಿ ಕೇಳುವ ಪ್ರಶ್ನೆ. ಬಿಸಿಲು, ನೀರು ಬಸಿಯುವ ಇಳಿಜಾರು ಎರಡೂ ಇದ್ದರೆ ಮಜ್ಜಿಗೆ ಹುಲ್ಲು ಸುಲಭವಾಗಿ ಬರುತ್ತದೆ. ನೀರು ನಿಂತರೆ ಬುಡ ಕೊಳೆಯುತ್ತದೆ. ಕಾಫಿಯ ನೆರಳಿನಲ್ಲಿ ಹುಲ್ಲು ಬಂದರೂ ಎಣ್ಣೆ ಕಡಿಮೆ. ಮಳೆಗಾಲದ ನೀರುತುಂಬಿದ ಎಲೆಯಲ್ಲೂ ಎಣ್ಣೆ ಕಡಿಮೆಯೇ. ಒಳ್ಳೆಯ ಎಣ್ಣೆ ಸಿಗುವ ಬೇಸಿಗೆಯ ಮೊದಲ ತಿಂಗಳುಗಳಲ್ಲಿ ನಮ್ಮ ಕಡೆಯ ಆಳುಕಾಳೆಲ್ಲ ಕಾಫಿ ಕುಯ್ಲಿಗೆ ಹೋಗಿರುತ್ತಾರೆ. 200 ಕೆ.ಜಿ. ಹುಲ್ಲು ಕೊಯ್ದು, ಹೊತ್ತು, ಮೂರು ಗಂಟೆ ಸೌದೆ ಉರಿಸಿದರೆ ಕೈಗೆ ಬರುವುದು ಒಂದು ಕೆ.ಜಿ. ಎಣ್ಣೆ, ಅದೂ ಎಲ್ಲ ಸರಿಯಾದರೆ. ಒಂದೆರಡು ಹಸು ಕಟ್ಟಿಕೊಂಡಿರುವ ಮನೆ ಇದನ್ನೇ ಆದಾಯವೆಂದು ನಂಬಿ ಭಟ್ಟಿಗೆ ಸಾಲ ಮಾಡುವುದು ನಮ್ಮ ಅಭಿಪ್ರಾಯದಲ್ಲಿ ಬೇಡ. ಒಳ್ಳೆಯ ಮಣ್ಣಿರುವ ಜಾಗ ಇದ್ದರೆ ಅಲ್ಲಿ ಹೈಬ್ರಿಡ್ ನೇಪಿಯರ್ ಅಥವಾ ಗಿನಿ ಹುಲ್ಲು ಹಾಕಿ, ಅದು ದಿನವೂ ಹಾಲಾಗಿ ಹಿಂದಿರುಗುತ್ತದೆ.

ಮಜ್ಜಿಗೆ ಹುಲ್ಲಿಗೆ ಸರಿಯಾದ ಜಾಗ ಬೇರೆ ಇದೆ. ಮಣ್ಣು ಕುಸಿಯುವ ಬದು, ರಸ್ತೆಯ ಬರೆ, ಬೇಲಿಯ ಸಾಲು, ಗೊಬ್ಬರದ ಗುಂಡಿಯ ಸುತ್ತ. ದಟ್ಟವಾದ ಬೇರು ಮಣ್ಣನ್ನು ಹಿಡಿಯುತ್ತದೆ. ವಾಸನೆಗೆ ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಆದ್ದರಿಂದ ಕಾವಲು ಬೇಡ. ಕೊಯ್ದ ಹುಲ್ಲು ಕಷಾಯಕ್ಕೆ, ಕೊಟ್ಟಿಗೆ ತೊಳೆಯಲು, ಉಳಿದದ್ದು ಗಿಡದ ಬುಡಕ್ಕೆ ಮುಚ್ಚಿಗೆಯಾಗುತ್ತದೆ.

ನೆಡುವ ಕ್ರಮ ಸರಳ. ಹಳೆಯ ಬುಡವನ್ನು ಅಗೆದು ತೆಂಡೆಗಳನ್ನು ಬಿಡಿಸಿ, ಎಲೆಯನ್ನು ಒಂದು ಗೇಣು ಬಿಟ್ಟು ಕತ್ತರಿಸಿ, ಒಣಗಿದ ಬೇರು ತೆಗೆದು, ಜೂನ್ ಮಳೆ ಹಿಡಿದ ಮೇಲೆ ಸುಮಾರು ಎರಡು ಅಡಿಗೆ ಒಂದರಂತೆ ನೆಡಿ. ನಾಲ್ಕೈದು ತಿಂಗಳಿಗೆ ಮೊದಲ ಕೊಯ್ಲು, ನೆಲದಿಂದ ಅರ್ಧ ಗೇಣು ಮೇಲೆ. ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಕೊಯ್ಯಬಹುದು, ಒಮ್ಮೆ ನೆಟ್ಟ ಬುಡ ನಾಲ್ಕೈದು ವರ್ಷ ಬರುತ್ತದೆ. ಎಲೆಯ ಅಂಚು ಗರಗಸದಂತೆ ಕೊಯ್ಯುತ್ತದೆ, ಬರಿಗೈಯಲ್ಲಿ ಎಳೆಯಬೇಡಿ. ತಳಿಯ ಬಗ್ಗೆ ಹೆಚ್ಚಿನ ವಿವರ ಬೇಕಿದ್ದವರು ಮೂಡಿಗೆರೆಯ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಬಹುದು.

ಇಷ್ಟಾದರೂ ಬಾಟಲಿಯ ಎಣ್ಣೆಯನ್ನೇ ಕೊಳ್ಳುವವರು ಒಂದು ಪರೀಕ್ಷೆ ಮಾಡಿ ನೋಡಿ. ಬಿಳಿಯ ಕಾಗದದ ಮೇಲೆ ಒಂದು ತೊಟ್ಟು ಹಾಕಿ, ಪಕ್ಕದಲ್ಲಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಬಿಸಿಲಿಗಿಡಿ. ಮರುದಿನ ಎರಡು ಕಲೆಗಳೂ ಒಂದೇ ಥರ ಜಿಡ್ಡಾಗಿ ಉಳಿದಿದ್ದರೆ ನಿಮಗೆ ಮಾರಿದ್ದು ಹುಲ್ಲಿನ ಎಣ್ಣೆಗಿಂತ ಹೆಚ್ಚಾಗಿ ಅಡುಗೆ ಎಣ್ಣೆ. ಒಳ್ಳೆಯದಾಗಿದ್ದರೆ ಕಪ್ಪು ಬಾಟಲಿಯಲ್ಲಿ ಮುಚ್ಚಳ ಬಿಗಿದು, ಮಕ್ಕಳ ಕೈಗೆ ಸಿಗದ ಕಡೆ, ಹಾಲಿನ ಪಾತ್ರೆಗಳಿರುವ ಕೋಣೆಯಿಂದ ಹೊರಗೆ ಇಡಿ.